ಲಗೂನಿನಲ್ಲಿ ಮೀನು ಸತ್ತಾಗ: ಮಾಲಿನ್ಯ ಮತ್ತು ಮೀನಿನ ಆರೋಗ್ಯದ ದೋಷಪತ್ತೆ ಕೈಪಿಡಿ

ಕಡಲಿಗೂ ನೆಲಕ್ಕೂ ನಡುವೆ ಮರಳಿನ ದಿಬ್ಬ ಅಡ್ಡ ನಿಂತು, ಒಂದೆರಡು ಕಿರಿದಾದ ಬಾಯಿಗಳ ಮೂಲಕ ಮಾತ್ರ ಸಮುದ್ರದ ಸಂಪರ್ಕ ಉಳಿಸಿಕೊಂಡಿರುವ, ಆಳವಿಲ್ಲದ ನೀರಿನ ಹರವನ್ನು ಲಗೂನು ಎನ್ನುತ್ತೇವೆ. ಒಡಿಶಾದ ಚಿಲಿಕಾ, ಆಂಧ್ರ–ತಮಿಳುನಾಡು ಗಡಿಯ ಪುಲಿಕಾಟ್, ಸ್ಪೇನ್ ದೇಶದ ಮಾರ್ ಮೆನೋರ್ ಇಂಥವು. ಈ ನೀರಿನಲ್ಲಿ ಮೀನು ಸತ್ತು ತೇಲಿದ ದಿನ ದಡದಲ್ಲಿ ನಿಂತವರೆಲ್ಲ ಮೊದಲು ಕೇಳುವುದು, ಯಾರು ವಿಷ ಬಿಟ್ಟರು ಎಂದು. ಅನುಮಾನ ಸಹಜವಾದದ್ದು, ಎಷ್ಟೋ ಸಲ ಸರಿಯೂ ಆಗಿರುತ್ತದೆ; ಆದರೆ ತನಿಖೆಯನ್ನು ಅಲ್ಲಿಂದಲೇ ಆರಂಭಿಸಿದವರು ಬಹಳ ಹಣ ಸುರಿದು ತರಿಸಿದ ಪ್ರಯೋಗಾಲಯದ ವರದಿಯನ್ನು ಕೈಯಲ್ಲಿ ಹಿಡಿದೂ ಕಾರಣ ಹೇಳಲಾರದೆ ನಿಲ್ಲುವ ಸಂಭವವೇ ಹೆಚ್ಚು. ಆದ್ದರಿಂದ ಇಲ್ಲಿ ಅನುಸರಿಸುವ ಕ್ರಮ ಬೇರೆ. ನೀರು ಸರಿದಾಡುತ್ತಿದೆಯೇ, ಅದರಲ್ಲಿ ಆಮ್ಲಜನಕವಿದೆಯೇ, ಉಪ್ಪು ಎಷ್ಟಿದೆ ಎಂಬ ಮೂರನ್ನು ಮೊದಲು ನೋಡಿ, ಅನಂತರ ಪೋಷಕಾಂಶ, ರೋಗ, ಲೋಹ, ಕೀಟನಾಶಕಗಳ ಕಡೆಗೆ ಹೋಗಬೇಕು. ಇದು ಪರೀಕ್ಷೆಯ ಕ್ರಮ ಮಾತ್ರ. ಮಾದರಿ ಸಂಗ್ರಹವನ್ನು ಹೀಗೆ ಮುಂದಕ್ಕೆ ಹಾಕಲಾಗದು. ವಿಷದ ಪರೀಕ್ಷೆಗೆ ಬೇಕಾದ ಮಾದರಿಯನ್ನು ಮೊದಲ ಗಂಟೆಯಲ್ಲೇ ತೆಗೆದಿಡದಿದ್ದರೆ ಮುಂದೆ ಅದು ಎಂದೂ ಸಿಗುವುದಿಲ್ಲ.

ದೂರು ಯಾವ ಬಗೆಯದು

ಹೊರಡುವ ಮೊದಲು ದೂರನ್ನು ಬಿಡಿಸಿ ಕೇಳಬೇಕು. ಒಂದೇ ರಾತ್ರಿಯಲ್ಲಿ ಮೀನು ರಾಶಿಯಾಗಿ ಸತ್ತಿದ್ದರೆ ಆಮ್ಲಜನಕ, ಅಮೋನಿಯ, ಸಲ್ಫೈಡ್ ಅಥವಾ ತೀವ್ರ ವಿಷದ ಕಡೆಗೆ ನೋಡಬೇಕಾಗುತ್ತದೆ. ಹತ್ತು ವರ್ಷಗಳಿಂದ ಬಲೆಗೆ ಬೀಳುವ ಮೀನು ಕಡಿಮೆಯಾಗುತ್ತ ಬಂದಿದ್ದರೆ ನೀರಿನ ಸಂಚಾರ, ಹೂಳು, ಮರಿಗಳ ಪ್ರವೇಶ ಮತ್ತು ಹಿಡಿಯುವ ಒತ್ತಡಗಳು ಮುಖ್ಯವಾಗುತ್ತವೆ. ಮೀನಿನ ಮೈಮೇಲೆ ಹುಣ್ಣು ಕಂಡರೆ ಅದು ಮೂರನೆಯ ದಾರಿ. ಮೀನು ನೋಡಲು ಚೆನ್ನಾಗಿದ್ದು, ತಿನ್ನಬಹುದೇ ಎಂಬ ಸಂದೇಹ ಮಾತ್ರ ಇದ್ದರೆ ಅದು ನಾಲ್ಕನೆಯದು. ಈ ನಾಲ್ಕನ್ನೂ "ಮಾಲಿನ್ಯ" ಎಂಬ ಒಂದೇ ಪದದಡಿ ಬರೆದುಕೊಂಡರೆ ಮುಂದಿನ ಅಳತೆಗಳೆಲ್ಲ ದಿಕ್ಕು ತಪ್ಪುತ್ತವೆ.

ಮೊದಲ ಗಂಟೆ

ಸತ್ತ ಮೀನಿಗಿಂತ ಸಾಯುತ್ತಿರುವ ಮೀನು ಹೆಚ್ಚು ಹೇಳುತ್ತದೆ. ನಮ್ಮ ಸೆಕೆಯಲ್ಲಿ ಸತ್ತ ಮೀನಿನ ಕಿವಿರು ಬಹಳ ಬೇಗ ಕೆಡುವುದರಿಂದ, ಬೆಳಗ್ಗೆ ಸತ್ತು ಮಧ್ಯಾಹ್ನ ಕೈಗೆ ಸಿಕ್ಕ ಮೀನಿನ ಅಂಗಾಂಶದಲ್ಲಿ ರೋಗದ ಗುರುತು ಯಾವುದು, ಕೊಳೆತದ ಗುರುತು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದ ದೋಣಿಯಿಂದ ಮೊದಲು ಗಮನಿಸಬೇಕಾದದ್ದು ಮೀನಿನ ನಡವಳಿಕೆ. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕು ಹಾಕುತ್ತಿದ್ದರೆ, ಕಿವಿರಿನ ಮುಚ್ಚಳ ಅಗಲವಾಗಿ ತೆರೆದಿದ್ದರೆ, ಹಾವುಮೀನು ಮತ್ತು ಏಡಿಗಳು ನೀರು ಬಿಟ್ಟು ದಡದ ಕಡೆಗೆ ಹತ್ತುತ್ತಿದ್ದರೆ ಆಮ್ಲಜನಕದ ಕೊರತೆಯನ್ನು ಶಂಕಿಸಬೇಕು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತದೆ, ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಜಾತಿಗಳು ಉಳಿದುಕೊಳ್ಳುತ್ತವೆ. ಗಾತ್ರದ ಭೇದವಿಲ್ಲದೆ ಮೀನು ಸತ್ತಿದ್ದರೆ, ಗಾಳಿ ಉಸಿರಾಡುವ ಮೀನೂ ಉಳಿಯದಿದ್ದರೆ, ಸಾಯುವ ಮೊದಲು ಸುತ್ತು ತಿರುಗುವ ಅಥವಾ ನಡುಗುವ ಲಕ್ಷಣ ಕಂಡರೆ ವಿಷದ ಶಂಕೆ ಬಲವಾಗುತ್ತದೆ. ಸೀಗಡಿ ಮತ್ತು ಏಡಿ ಸತ್ತು ಮೀನು ಬಹುಮಟ್ಟಿಗೆ ಬದುಕಿದ್ದರೆ ಕೀಟನಾಶಕವನ್ನು, ಅದರಲ್ಲೂ ಪೈರೆಥ್ರಾಯ್ಡ್ ಬಗೆಯದನ್ನು ನೆನೆಯಬೇಕು. ಕೀಟಗಳಿಗೂ ಸೀಗಡಿಗೂ ಹತ್ತಿರದ ನಂಟು ಇರುವುದರಿಂದ ಸೀಗಡಿಗೆ ಆ ವಿಷ ಬೇಗ ತಗಲುತ್ತದೆ.

ಇವನ್ನು ಬರೆದುಕೊಳ್ಳುತ್ತಿರುವಾಗಲೇ ಮಾದರಿಗಳನ್ನು ಬೇರೆ ಬೇರೆಯಾಗಿ ಎತ್ತಿಡಬೇಕು. ಕೀಟನಾಶಕದ ಪರೀಕ್ಷೆಗೆ ನೀರನ್ನು ಕಂದು ಗಾಜಿನ ಬಾಟಲಿಯಲ್ಲಿ, ಮೀನನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಇಡಬೇಕು. ಲೋಹದ ಪರೀಕ್ಷೆಗೆ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ ಬೇಕು, ನೀರಿಗೆ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ (ಆಮ್ಲ–ಕ್ಷಾರ ಗುಣದ ಅಳತೆ) ಎರಡಕ್ಕಿಂತ ಕೆಳಗೆ ತರಬೇಕು. ಪಾದರಸಕ್ಕಾಗಿ ತೆಗೆಯುವ ನೀರನ್ನು ಮಾತ್ರ ಗಾಜಿನಲ್ಲಿಯೇ ಇಡುವುದು ಕ್ಷೇಮ. ಕಿವಿರು, ಯಕೃತ್ತು ಮತ್ತು ಹುಣ್ಣಿನ ಅಂಚಿನ ಚಿಕ್ಕ ತುಂಡುಗಳನ್ನು ಇನ್ನೂ ಜೀವವಿರುವ ಮೀನಿನಿಂದ ತೆಗೆದು, ಅವುಗಳ ಹತ್ತು ಪಟ್ಟು ಗಾತ್ರದ ಶೇ. 10ರ ತಟಸ್ಥ ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಈ ತುಂಡುಗಳನ್ನು ಎಂದೂ ಹೆಪ್ಪುಗಟ್ಟಿಸಬಾರದು, ಏಕೆಂದರೆ ಮಂಜಿನ ಹರಳುಗಳು ಜೀವಕೋಶಗಳನ್ನು ಸೀಳಿಬಿಡುತ್ತವೆ. ರಾಸಾಯನಿಕ ಪರೀಕ್ಷೆಯ ಮೀನನ್ನಾದರೋ ಹೆಪ್ಪುಗಟ್ಟಿಸಿಯೇ ಇಡಬೇಕು. ಎರಡನ್ನೂ ಒಂದೇ ಮಂಜಿನ ಪೆಟ್ಟಿಗೆಗೆ ಹಾಕಿ ಎರಡನ್ನೂ ಕಳೆದುಕೊಳ್ಳುವುದು ಈ ಕೆಲಸದಲ್ಲಿ ಅತಿ ಸುಲಭವಾಗಿ ಆಗುವ ತಪ್ಪು.

ನಸುಕಿನ ಆಮ್ಲಜನಕ

ಒಂದೇ ಒಂದು ಅಳತೆಗೆ ಅವಕಾಶವಿದೆ ಎಂದಾದರೆ, ಸೂರ್ಯೋದಯಕ್ಕೆ ಮುಂಚೆ ತಳದ ಹತ್ತಿರದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಿರಿ ಎಂದು ನಾನು ಹೇಳುತ್ತೇನೆ. ಹಗಲಿನಲ್ಲಿ ಪಾಚಿ ಮತ್ತು ಜಲಸಸ್ಯಗಳು ಬಿಸಿಲಿನ ನೆರವಿನಿಂದ ಆಮ್ಲಜನಕ ಬಿಡುತ್ತವೆ. ರಾತ್ರಿಯಿಡೀ ಅವೂ, ಮೀನೂ, ತಳದ ಕೆಸರಿನ ಸೂಕ್ಷ್ಮಜೀವಿಗಳೂ ಅದನ್ನು ಬಳಸುತ್ತಲೇ ಇರುತ್ತವೆ. ಹೀಗಾಗಿ ಪಾಚಿ ದಟ್ಟವಾಗಿರುವ ಲಗೂನಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ತಾನು ಸಹಜವಾಗಿ ಹಿಡಿದಿಡಬಲ್ಲದ್ದಕ್ಕಿಂತಲೂ ಹೆಚ್ಚು ಆಮ್ಲಜನಕ ಹೊತ್ತ ನೀರು ಬೆಳಗಿನ ಜಾವಕ್ಕೆ ಉಸಿರುಗಟ್ಟಿಸುವ ಮಟ್ಟಕ್ಕೆ ಇಳಿಯಬಲ್ಲದು. ಕಚೇರಿಯ ವೇಳೆಯಲ್ಲಿ ಹೊರಟು ಹನ್ನೊಂದಕ್ಕೆ ದಡ ಮುಟ್ಟುವ ತಂಡಕ್ಕೆ ಈ ದೋಷ ಕಾಣುವುದೇ ಇಲ್ಲ, "ಆಮ್ಲಜನಕ ಸಾಮಾನ್ಯ" ಎಂಬ ಸಾಲು ವರದಿಯಲ್ಲಿ ಸೇರಿ ತನಿಖೆಯನ್ನು ಬೇರೆಡೆಗೆ ತಿರುಗಿಸುತ್ತದೆ.

ಭಾರತದ ಕರಾವಳಿ ನೀರಿನ ಮಾನದಂಡದಲ್ಲಿ ಪರಿಸರಸೂಕ್ಷ್ಮ ವಲಯಗಳನ್ನು ಒಳಗೊಂಡ ಎಸ್‌ಡಬ್ಲ್ಯು-1 ವರ್ಗಕ್ಕೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕವನ್ನು ನಿಗದಿಪಡಿಸಲಾಗಿದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹುಪಾಲು ಮೀನುಗಳು ಓಡಿಹೋಗುತ್ತವೆ, ಓಡಲಾಗದಿದ್ದರೆ ಸಾಯುತ್ತವೆ. ಮೀಟರ್ ಬಳಸುವವರು ಆ ಬೆಳಗ್ಗೆಯೇ ಅದನ್ನು ಹೊಂದಿಸಿಕೊಂಡು, ಉಪ್ಪಿನ ಪ್ರಮಾಣವನ್ನೂ ಅದಕ್ಕೆ ತಿಳಿಸಬೇಕು. ಒಂದೇ ಉಷ್ಣಾಂಶದಲ್ಲಿ ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಮೀಟರ್ ಇಲ್ಲದಿದ್ದರೆ, ರಾಸಾಯನಿಕಗಳಿಂದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನ ಇಂದಿಗೂ ನಂಬಲರ್ಹ. ಬಾಟಲಿಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ದೋಣಿಯಲ್ಲಿಯೇ ಹಾಕಿ ಸ್ಥಿರಗೊಳಿಸಬೇಕು. ನಸುಕಿನಲ್ಲಿ ಹೋಗಲು ಆಗಲೇ ಇಲ್ಲ ಎಂದಾದರೆ ಪಿಎಚ್ ಒಂದು ಸುಳಿವು ಕೊಡುತ್ತದೆ: ಮಧ್ಯಾಹ್ನದ ಪಿಎಚ್ 9ರ ಹತ್ತಿರ ಏರಿದ್ದರೆ ಪಾಚಿ ವಿಪರೀತವಾಗಿ ಬೆಳೆದಿದೆ ಎಂದರ್ಥ, ರಾತ್ರಿಯ ಕುಸಿತವೂ ಅಷ್ಟೇ ಆಳವಾಗಿರುವ ಸಂಭವವಿದೆ.

ಮೇಲಿನ ನೀರು ಮತ್ತು ತಳದ ನೀರನ್ನು ಬೇರೆ ಬೇರೆಯಾಗಿ ಅಳೆಯುವುದು ಏಕೆ ಎಂಬುದಕ್ಕೆ ಮಾರ್ ಮೆನೋರ್ ಕಣ್ಣೆದುರಿನ ನಿದರ್ಶನ. ಸುಮಾರು 135 ಚದರ ಕಿಲೋಮೀಟರ್ ಹರಡಿ, ಅತಿ ಆಳದಲ್ಲಿಯೂ ಏಳು ಮೀಟರಿನಷ್ಟೇ ಇರುವ ಈ ಲಗೂನಿನ ಪಶ್ಚಿಮಕ್ಕೆ ಕಾರ್ತಾಹೇನಾ ಬಯಲಿನ ನೀರಾವರಿ ತೋಟಗಳಿವೆ, ದಕ್ಷಿಣದ ಬೆಟ್ಟಗಳಲ್ಲಿ ಹಳೆಯ ಸೀಸ–ಸತುವಿನ ಗಣಿಗಳಿವೆ. ಗಣಿಯ ಲೋಹ ತಳದ ಕೆಸರಿನಲ್ಲಿ ನಿಜವಾಗಿಯೂ ಇದೆ. 2019ರ ಅಕ್ಟೋಬರ್ 12ರಂದು ಸಾನ್ ಪೆದ್ರೋ ದೆಲ್ ಪಿನಾತಾರ್ ದಂಡೆಯಲ್ಲಿ ಟನ್ನುಗಟ್ಟಲೆ ಮೀನು ಮತ್ತು ಸೀಗಡಿ ಬಂದು ಸತ್ತಾಗ ಲೋಹವೇ ಕಾರಣ ಎಂದು ಹೇಳುವುದು ಸುಲಭವಾಗಿತ್ತು. ನಡೆದದ್ದು ಬೇರೆ. ಸೆಪ್ಟೆಂಬರಿನ ಭಾರಿ ಮಳೆ ಹೊಲಗಳ ಗೊಬ್ಬರವನ್ನು ಹೊತ್ತ ಸಿಹಿನೀರನ್ನು ಲಗೂನಿಗೆ ತಂದು ಸುರಿಯಿತು. ಹಗುರವಾದ ಆ ನೀರು ಭಾರವಾದ ಉಪ್ಪುನೀರಿನ ಮೇಲೆ ಮುಚ್ಚಳದಂತೆ ಕುಳಿತಿತು. ಗಾಳಿಯ ಸಂಪರ್ಕ ತಪ್ಪಿದ ತಳದಲ್ಲಿ, ಕೊಳೆಯುವ ಜೈವಿಕ ಪದಾರ್ಥ ಇದ್ದ ಆಮ್ಲಜನಕವನ್ನೆಲ್ಲ ಮುಗಿಸಿತು. ಕೊನೆಗೆ ಗಾಳಿಯ ದಿಕ್ಕು ಬದಲಾಗಿ ಆ ಸತ್ತ ನೀರು ದಂಡೆಯ ಕಡೆಗೆ ಎದ್ದುಬಂದಾಗ ಅದಕ್ಕಿಂತ ಮುಂದೆ ಓಡುತ್ತಿದ್ದ ಮೀನುಗಳು ದಡಕ್ಕೆ ಸಿಕ್ಕಿಬಿದ್ದವು. ಅಂದು ಮೇಲ್ಮೈಯ ನೀರನ್ನು ಮಾತ್ರ ಅಳೆದವರಿಗೆ ಇದಾವುದೂ ತಿಳಿಯುತ್ತಿರಲಿಲ್ಲ. ಮೇಲೆ ಮತ್ತು ಕೆಳಗೆ ಉಪ್ಪಿನ ಪ್ರಮಾಣದಲ್ಲಿ ಎದ್ದುಕಾಣುವ ಅಂತರವಿದ್ದು, ತಳದ ಕೆಸರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಹೈಡ್ರೋಜನ್ ಸಲ್ಫೈಡ್ ಕೂಡ ಜೊತೆಗಿದೆ ಎಂದು ತಿಳಿಯಬೇಕು.

ಉಪ್ಪು, ಬಾಯಿ ಮತ್ತು ಹೂಳು

ಮೀನು ಸಾಯುತ್ತಿಲ್ಲ, ಆದರೆ ವರ್ಷದಿಂದ ವರ್ಷಕ್ಕೆ ಕಾಣೆಯಾಗುತ್ತಿದೆ ಎಂಬ ದೂರಿಗೆ ಚಿಲಿಕಾಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಸುಮಾರು 900 ಚದರ ಕಿಲೋಮೀಟರ್, ಮಳೆಗಾಲದಲ್ಲಿ 1,100ಕ್ಕೂ ಮೀರಿ ಹರಡುವ ಈ ಸರೋವರ 1981ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜಲತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಂದ ಹನ್ನೆರಡೇ ವರ್ಷಗಳಲ್ಲಿ, 1993ರಲ್ಲಿ, ಸ್ಥಿತಿ ಕೆಡುತ್ತಿರುವ ಜಲತಾಣಗಳ ಮಾಂಟ್ರೂ ದಾಖಲೆಗೂ ಸೇರಿತು. 1980ರ ದಶಕದ ಮಧ್ಯದಲ್ಲಿ 8,000 ಟನ್ ಮೀರಿದ್ದ ವಾರ್ಷಿಕ ಮೀನು ಇಳುವರಿ 1990ರ ದಶಕದ ಕೊನೆಗೆ 2,000 ಟನ್ನಿಗಿಂತ ಕೆಳಗೆ ಬಿತ್ತು. ಸಂಶಯಿಸಲು ಕಾರಣಗಳಿಗೆ ಬರವಿರಲಿಲ್ಲ: ಸೀಗಡಿ ಸಾಕಲು ಬಲೆಗಳಿಂದ ಕಟ್ಟಿದ ಘೇರಿಗಳಿದ್ದವು, ಊರುಗಳ ಕೊಳಚೆ ಇತ್ತು, ಅತಿಯಾಗಿ ಹಿಡಿಯುವುದೂ ಇತ್ತು. ಇವುಗಳಲ್ಲಿ ಯಾವುದನ್ನೂ ಸುಳ್ಳೆನ್ನಲಾಗದು. ಆದರೆ ಉಪ್ಪಿನ ಅಳತೆ ಇನ್ನೊಂದು ಕಡೆಗೆ ಬೆರಳು ತೋರಿಸುತ್ತಿತ್ತು. ಮಹಾನದಿಯ ಕವಲುಗಳು ತಂದ ಹೂಳು ಮತ್ತು ದಂಡೆಯುದ್ದಕ್ಕೂ ಸರಿಯುವ ಕಡಲ ಮರಳು ಸೇರಿ ಸರೋವರದ ಬಾಯಿಯನ್ನು ದೂರಕ್ಕೆ ತಳ್ಳಿ ಕಿರಿದಾಗಿಸಿದ್ದವು. ಒಳಗಿನ ನೀರು ಸಿಹಿಯಾಗುತ್ತ, ಸಿಹಿನೀರಿನ ಕಳೆ ಹಬ್ಬುತ್ತ ಹೋಗಿತ್ತು. ಅಲ್ಲಿನವರು ಖೈಂಗಾ ಎಂದು ಕರೆಯುವ ಮಲ್ಲೆಟ್ ಮೀನು ಸಮುದ್ರದಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿಗಳು ಬಾಯಿಯ ಮೂಲಕವೇ ಒಳಗೆ ಬರಬೇಕು. ಬಾಗಿಲು ಮುಚ್ಚಿದ ಮೇಲೆ ಮನೆಯೊಳಗಿನ ನೀರು ಎಷ್ಟು ಶುದ್ಧವಾಗಿದ್ದರೂ ಮರಿ ಬರುವುದಿಲ್ಲ.

ಪುಣೆಯ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದ ಅಧ್ಯಯನವನ್ನು ಆಧರಿಸಿ, ಚಿಲಿಕಾ ಅಭಿವೃದ್ಧಿ ಪ್ರಾಧಿಕಾರವು 2000ದ ಸೆಪ್ಟೆಂಬರಿನಲ್ಲಿ ಮರಳದಿಬ್ಬವನ್ನು ಸೀಳಿ ಹೊಸ ಬಾಯಿಯನ್ನು ತೆರೆಯಿತು. ಕಡಲಿಗೆ ನೀರು ಸಾಗಬೇಕಾದ ಕಾಲುವೆಯ ಉದ್ದ ಸುಮಾರು 18 ಕಿಲೋಮೀಟರ್ ಕಡಿಮೆಯಾಯಿತು. 1999–2000ದಲ್ಲಿ ಸುಮಾರು 1,750 ಟನ್ ಇದ್ದ ಇಳುವರಿ 2001–02ರಲ್ಲಿ ಸುಮಾರು 12,000 ಟನ್ ಮುಟ್ಟಿತು. 2002ರಲ್ಲಿ ಚಿಲಿಕಾವನ್ನು ಮಾಂಟ್ರೂ ದಾಖಲೆಯಿಂದ ತೆಗೆಯಲಾಯಿತು. ಈ ವೇಗವೇ ದೋಷದ ಸ್ವರೂಪಕ್ಕೆ ಸಾಕ್ಷಿ ಎಂದು ನಾನು ಓದುತ್ತೇನೆ: ಕೆಸರಿನಲ್ಲಿ ಕೂತ ವಿಷ ಮುಖ್ಯ ಕಾರಣವಾಗಿದ್ದರೆ ಎರಡು ವರ್ಷದಲ್ಲಿ ಮೀನು ಹೀಗೆ ಮರಳುತ್ತಿರಲಿಲ್ಲ.

ತಡೆ ಯಾವಾಗಲೂ ಕಡಲ ಬಾಯಿಯಲ್ಲೇ ಇರಬೇಕೆಂದಿಲ್ಲ. ಕೇರಳದ ವೆಂಬನಾಡಿನಲ್ಲಿ ಕುಟ್ಟನಾಡಿನ ಭತ್ತವನ್ನು ಉಪ್ಪಿನಿಂದ ಕಾಯಲು ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡು ಬೇಸಿಗೆಯಲ್ಲಿ ಮುಚ್ಚಿರುವಾಗ, ಸವಳು ನೀರಿಗೆ ಹೋಗಿ ಮರಿಮಾಡಬೇಕಾದ ದೊಡ್ಡ ಸಿಹಿನೀರು ಸೀಗಡಿಯ ದಾರಿಗೆ ಅಡ್ಡವಾಗುತ್ತದೆ. ನಮ್ಮ ಕರಾವಳಿಯ ಅಳಿವೆಗಳಲ್ಲಿಯೂ ಗಜನಿ ಗದ್ದೆಗಳ (ಅಳಿವೆಯಂಚಿನ ಸವಳು ಗದ್ದೆಗಳ) ಕಟ್ಟು ಮತ್ತು ತೂಬುಗಳನ್ನು ಇದೇ ಕಣ್ಣಿನಿಂದ ನೋಡಬೇಕು. ಆದ್ದರಿಂದ ಉಪ್ಪನ್ನು ಬಾಯಿಯಿಂದ ಒಳಭಾಗದವರೆಗೆ ಸಾಲಾಗಿ ಹಲವು ಕಡೆ, ಉಬ್ಬರದಲ್ಲೊಮ್ಮೆ ಇಳಿತದಲ್ಲೊಮ್ಮೆ ಅಳೆದು, ಯಾವ ಜಾಗದಲ್ಲಿ ಅಂಕಿ ಥಟ್ಟನೆ ಬದಲಾಗುತ್ತದೆ ಎಂದು ಗುರುತಿಸಬೇಕು. ಸಮುದ್ರದ ನೀರಿನಲ್ಲಿ ಉಪ್ಪು ಸಾವಿರಕ್ಕೆ ಸುಮಾರು 35 ಪಾಲು ಇರುತ್ತದೆ. ಬೆಳಕು ಬಾಗುವುದರಿಂದ ಉಪ್ಪನ್ನು ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಒಂದಿದ್ದರೆ ಈ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ.

ಪೋಷಕಾಂಶ ಎಲ್ಲಿಂದ ಬಂತು

ಪಾಚಿ ಹೆಚ್ಚಿದೆ ಎಂದು ತಿಳಿದ ಮೇಲೆ ಅದಕ್ಕೆ ಆಹಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ. ಅಮೋನಿಯ ಮತ್ತು ಮಲಮೂಲದ ಬ್ಯಾಕ್ಟೀರಿಯಾ ಎರಡೂ ಏರಿದ್ದರೆ ಕೊಳಚೆಯ ಕಡೆಗೆ, ಬ್ಯಾಕ್ಟೀರಿಯಾ ಕಡಿಮೆಯಿದ್ದು ನೈಟ್ರೇಟ್ ಮಾತ್ರ ಏರಿದ್ದರೆ ಹೊಲದ ಗೊಬ್ಬರದ ಕಡೆಗೆ ಹೋಗಬೇಕು. ಅಮೋನಿಯದ ಅಂಕಿಯನ್ನು ಪಿಎಚ್ ಇಲ್ಲದೆ ಓದಬಾರದು. ಮೀನಿಗೆ ಹೆಚ್ಚು ಮಾರಕವಾದದ್ದು ಅಯಾನುಗೊಳ್ಳದ, ಎಂದರೆ ವಿದ್ಯುದಂಶ ಪಡೆಯದೆ ಉಳಿದ ಅಮೋನಿಯ. 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಅದರ ಪಾಲು ಶೇ. 1ಕ್ಕಿಂತ ಕಡಿಮೆ, ಪಿಎಚ್ 9 ಆದಾಗ ಶೇ. 40ರ ಆಸುಪಾಸು. ಒಂದೇ ಪ್ರಮಾಣದ ಕೊಳಚೆ ಪಾಚಿಯಿಲ್ಲದ ದಿನ ಹಾನಿಮಾಡದೆ, ಪಾಚಿ ಪಿಎಚ್ ಏರಿಸಿದ ಮಧ್ಯಾಹ್ನ ಮೀನನ್ನು ಕೊಲ್ಲುವುದು ಹೀಗೆ. ಆಮ್ಲಜನಕದ ಸಾವು ನಸುಕಿಗೆ, ಅಮೋನಿಯದ ಸಾವು ಮಧ್ಯಾಹ್ನಕ್ಕೆ ಹತ್ತಿರ ಎಂಬುದನ್ನು ನೆನಪಿಟ್ಟುಕೊಂಡರೆ, ಮೀನು ಯಾವ ಹೊತ್ತಿಗೆ ಸಾಯತೊಡಗಿತು ಎಂಬ ಒಂದು ವಿವರದಿಂದಲೇ ಬಹಳಷ್ಟು ತಿಳಿಯುತ್ತದೆ.

ಮೈಮೇಲಿನ ಹುಣ್ಣು

ಕೆಂಪು ಅಂಚಿನ ಆಳವಾದ ಹುಣ್ಣುಗಳನ್ನು ಕಂಡ ಕೂಡಲೇ ಕಾರ್ಖಾನೆಯ ರಾಸಾಯನಿಕವನ್ನು ದೂರುವುದುಂಟು. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣುರೋಗವನ್ನು ಮೊದಲು ಪರಿಶೀಲಿಸಬೇಕು. ಅಫನೋಮೈಸಿಸ್ ಇನ್ವಾಡಾನ್ಸ್ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ ಅದಕ್ಕೆ ಕಾರಣ. ಅದರ ಬೀಜಾಣುಗಳಿಗೆ ಉಪ್ಪು ಒಗ್ಗದು, ಆದ್ದರಿಂದ ಮಳೆನೀರು ಲಗೂನನ್ನು ಸಿಹಿಯಾಗಿಸಿದ ನಂತರ ಮಲ್ಲೆಟ್‌ನಂಥ ಮೀನುಗಳಲ್ಲಿ ಈ ರೋಗ ಏಳುತ್ತದೆ. ಗಂಧಕಯುಕ್ತ ಕೆಸರು ಬೇಸಿಗೆಯಲ್ಲಿ ಒಣಗಿ, ಮೊದಲ ಮಳೆಗೆ ಆಮ್ಲ ಬಿಟ್ಟುಕೊಡುವ ಕಡೆಗಳಲ್ಲಿ ಮೀನಿನ ಚರ್ಮ ಮೊದಲೇ ಸುಟ್ಟಂತಾಗಿ ರೋಗಕ್ಕೆ ದಾರಿಯಾಗುತ್ತದೆ. ಫಾರ್ಮಲಿನ್‌ನಲ್ಲಿ ಇಟ್ಟ ಹುಣ್ಣಿನ ಅಂಚಿನ ತುಂಡನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಸ್ನಾಯುವಿನೊಳಗೆ ಎಳೆಗಳೂ ಅವುಗಳ ಸುತ್ತ ಗಂಟುಗಳೂ ಕಂಡರೆ ಸಂಶಯ ಬಗೆಹರಿಯುತ್ತದೆ. ಹುಣ್ಣಿನ ನಡುಭಾಗವನ್ನು ಕಳುಹಿಸಿದರೆ ಅಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ಮಾತ್ರ ಸಿಕ್ಕಿ, ಮೂಲ ಕಾರಣ ತಪ್ಪಿಹೋಗುತ್ತದೆ.

ಲೋಹ ಮತ್ತು ನಿಧಾನದ ವಿಷ

ಲೋಹದ ತನಿಖೆಯಲ್ಲಿ ಹೆಚ್ಚಿನ ದೋಷಗಳು ಪ್ರಯೋಗಾಲಯಕ್ಕೆ ಮುಂಚೆಯೇ ನಡೆದಿರುತ್ತವೆ. ನೀರಿನಲ್ಲಿ ಲೋಹದ ಪ್ರಮಾಣ ಉಬ್ಬರ–ಇಳಿತಕ್ಕೆ ತಕ್ಕಂತೆ ಏರಿಳಿಯುತ್ತದೆ, ಆದ್ದರಿಂದ ಒಂದು ಬಾಟಲಿ ನೀರು ಒಂದು ಕ್ಷಣದ ಸುದ್ದಿ ಮಾತ್ರ. ತಳದ ಕೆಸರು ವರ್ಷಗಳ ಲೆಕ್ಕ ಇಟ್ಟಿರುತ್ತದೆ. ಆದರೆ ಲೋಹ ಅಂಟಿಕೊಳ್ಳುವುದು ಮುಖ್ಯವಾಗಿ ನಯವಾದ ಕಣಗಳಿಗೆ. ಒಂದು ಕಡೆಯ ಮರಳನ್ನು ಇನ್ನೊಂದು ಕಡೆಯ ಜೇಡಿಯೊಡನೆ ಹೋಲಿಸಿದರೆ ಮಾಲಿನ್ಯವಿಲ್ಲದಿದ್ದರೂ ಜೇಡಿಯೇ ಕೊಳಕೆಂದು ತೋರುತ್ತದೆ. 63 ಮೈಕ್ರಾನಿಗಿಂತ ಸಣ್ಣ ಭಾಗವನ್ನು ಜರಡಿಯಾಡಿ ತೆಗೆದು ಹೋಲಿಸುವುದು, ಅಥವಾ ಅಲ್ಯೂಮಿನಿಯಂ ಪ್ರಮಾಣಕ್ಕೆ ಭಾಗಿಸಿ ನೋಡುವುದು ಇದಕ್ಕೆ ಪರಿಹಾರ.

ಮೀನಿನಲ್ಲಿ ಯಾವ ಅಂಗ ಎಂಬುದೂ ಮುಖ್ಯ. ಪಾದರಸ ಮಿಥೈಲ್ ರೂಪದಲ್ಲಿ ಸ್ನಾಯುವಿನಲ್ಲಿ ಕೂಡುತ್ತದೆ, ಮೀನು ಬೆಳೆದಷ್ಟೂ ಹೆಚ್ಚುತ್ತದೆ. ಕ್ಯಾಡ್ಮಿಯಂ ಮತ್ತು ತಾಮ್ರಗಳು ಯಕೃತ್ತು, ಮೂತ್ರಪಿಂಡಗಳಲ್ಲಿ ಸೇರುತ್ತವೆ. ತಿನ್ನಲು ಯೋಗ್ಯವೇ ಎಂಬುದನ್ನು ಸ್ನಾಯುವಿನಿಂದ, ಮೀನಿಗೆ ಪೆಟ್ಟಾಗಿದೆಯೇ ಎಂಬುದನ್ನು ಯಕೃತ್ತು ಮತ್ತು ಕಿವಿರಿನಿಂದ ತಿಳಿಯಬೇಕು. ಒಂದು ಕಡೆಯ ಎಳೆ ಮೀನನ್ನು ಮತ್ತೊಂದು ಕಡೆಯ ಮುದಿ ಮೀನಿನೊಡನೆ ಹೋಲಿಸಿ ಪಾದರಸ ಏರಿದೆ ಎನ್ನುವುದು ತಪ್ಪು. ಕೂತಲ್ಲಿಯೇ ಇದ್ದು ನೀರು ಸೋಸಿ ತಿನ್ನುವ ಚಿಪ್ಪುಜೀವಿ ಬಳಚು ಅಲ್ಲಲ್ಲಿನ ವ್ಯತ್ಯಾಸ ತಿಳಿಯಲು ಅಲೆದಾಡುವ ಮೀನಿಗಿಂತ ಉತ್ತಮ ಸಾಕ್ಷಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಂಥ ಕಡೆ ಅದು ಕೈಗೆ ಸಿಗುವಷ್ಟು ಇದೆ. ಆರ್ಗನೋಫಾಸ್ಫೇಟ್ ಕೀಟನಾಶಕದ ಶಂಕೆಯಿದ್ದರೆ ನೀರಿನಲ್ಲಿ ಅದು ಕರಗಿ ಮಾಯವಾದ ಮೇಲೂ ಮೀನಿನ ಮಿದುಳಿನ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವದ ಕುಗ್ಗಿದ ಚಟುವಟಿಕೆ ಸುಳಿವು ಉಳಿಸಿರುತ್ತದೆ. ತಲೆಗಳನ್ನು ಮಂಜಿನಲ್ಲಿಟ್ಟು ಬೇಗ ಕಳುಹಿಸಬೇಕು.

ಬದುಕಿರುವ ಮೀನಿನ ಮೈಕಟ್ಟು

ಸಾವಿಲ್ಲದ ಕಡೆಯೂ ಆರೋಗ್ಯ ಅಳೆಯುವ ಸುಲಭ ದಾರಿಯೆಂದರೆ ತೂಕವನ್ನು ಗ್ರಾಂಗಳಲ್ಲಿ ತೆಗೆದುಕೊಂಡು ನೂರರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಅಳೆದ ಉದ್ದದ ಘನದಿಂದ ಭಾಗಿಸುವುದು. ಈ ಅಂಕಿಯನ್ನು ಅದೇ ಜಾತಿಯ, ಅದೇ ಋತುವಿನ, ಹತ್ತಿರದ ಗಾತ್ರದ ಮೀನುಗಳ ನಡುವೆ ಮಾತ್ರ ಹೋಲಿಸಬೇಕು. ಮೊಟ್ಟೆ ತುಂಬಿದ ಮೀನು ಆರೋಗ್ಯವಿಲ್ಲದೆಯೂ ದಪ್ಪ ಕಾಣುತ್ತದೆ. ಇದರ ಜೊತೆಗೆ ಅಲ್ಲಿ ಬಹುಕಾಲದಿಂದ ಬಲೆ ಬೀಸುವವರನ್ನು ಕೂರಿಸಿ, ಯಾವ ಜಾತಿ ಮೊದಲು ಮರೆಯಾಯಿತು, ಯಾವುದು ಹೊಸದಾಗಿ ಬಂತು, ಬಲೆಯ ಕಣ್ಣು ಯಾವಾಗ ಚಿಕ್ಕದಾಯಿತು ಎಂದು ವಿಚಾರಿಸಬೇಕು. ಮೊದಲು ಸಮುದ್ರದಿಂದ ಬರುವ ಜಾತಿಗಳು ಮಾತ್ರ ಮರೆಯಾಗಿದ್ದರೆ ಬಾಯಿಯನ್ನು ನೋಡಬೇಕು; ಎಲ್ಲ ಜಾತಿಗಳೂ ಒಟ್ಟಿಗೆ ಇಳಿದಿದ್ದರೆ ನೀರನ್ನು; ದೊಡ್ಡ ಮೀನು ಮಾತ್ರ ಇಲ್ಲವಾಗಿದ್ದರೆ ಬಲೆಯನ್ನು. ಬಲೆ ಬೀಸುವವರ ಮಾತನ್ನು ಅಂಕಿಗಳಿಗಿಂತ ಕೆಳಗಿನದೆಂದು ಎಣಿಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ನಮ್ಮ ಹೆಚ್ಚಿನ ಅಳಿವೆಗಳಲ್ಲಿ ಮೂವತ್ತು ವರ್ಷ ಹಿಂದಿನ ಸ್ಥಿತಿಗೆ ಅವರ ನೆನಪೇ ದಾಖಲೆ.

ಅಳತೆಗಳು ಒಂದಕ್ಕೊಂದು ಹೊಂದದಿದ್ದಾಗ

ಎಲ್ಲ ಅಂಕಿಗಳೂ ಸಾಮಾನ್ಯವಾಗಿದ್ದು ಮೀನು ಮಾತ್ರ ಸತ್ತಿದ್ದರೆ, ತಂಡ ತಡವಾಗಿ ಬಂದಿದೆ ಅಥವಾ ತಪ್ಪು ಹೊತ್ತಿಗೆ, ತಪ್ಪು ಆಳದಲ್ಲಿ ಅಳೆದಿದೆ ಎಂದು ಮೊದಲು ಭಾವಿಸಬೇಕು. ಗಾಳಿ ಹಾಗೂ ಹಿಂದಿನ ಎರಡು ವಾರಗಳ ಮಳೆಯ ದಾಖಲೆ ತರಿಸಿಕೊಂಡು, ಮುಂದಿನ ಮೂರು ನಸುಕುಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಅಳೆಯಬೇಕು. ಕೆಸರಿನಲ್ಲಿ ಲೋಹವಿದ್ದು ಮೀನಿನ ಅಂಗಗಳಲ್ಲಿ ಇಲ್ಲದಿದ್ದರೆ, ಲೋಹ ಸಲ್ಫೈಡ್ ರೂಪದಲ್ಲಿ ಬಂಧಿತವಾಗಿದೆ ಎಂಬ ಸಾಧ್ಯತೆ ದೊಡ್ಡದು. ಅಂಥ ಕೆಸರನ್ನು ಹೂಳೆತ್ತಿ ಗಾಳಿಗೆ ಒಡ್ಡಿದರೆ ಅದೇ ಲೋಹ ಬಿಡುಗಡೆಯಾಗಿ ಹೊಸ ಸಮಸ್ಯೆ ತರಬಹುದು, ಆದ್ದರಿಂದ ಹೂಳೆತ್ತುವ ಸಲಹೆ ನೀಡುವ ಮೊದಲು ಲೋಹ ಹೀಗೆ ಬಂಧಿತವಾಗಿದೆಯೇ ಎಂದು ಪರೀಕ್ಷಿಸಲೇಬೇಕು.

ಪರಿಹಾರ ಕೈಗೊಂಡ ಮೇಲೆ ಅದೇ ಋತು, ಅದೇ ಉಬ್ಬರ, ಅದೇ ಗಂಟೆ, ಅದೇ ಆಳದಲ್ಲಿ ಕನಿಷ್ಠ ಎರಡು ವರ್ಷ ಅಳತೆ ಮುಂದುವರಿಯಬೇಕು, ಜೊತೆಗೆ ಪರಿಹಾರ ಮುಟ್ಟದ ಇನ್ನೊಂದು ಲಗೂನಿನಲ್ಲಿಯೂ ಅದೇ ಅಳತೆ ನಡೆಯಬೇಕು. ಇಲ್ಲವಾದರೆ ಒಳ್ಳೆಯ ಮಳೆಗಾಲವೊಂದರ ಫಲವನ್ನು ನಮ್ಮ ಕೆಲಸದ ಫಲವೆಂದು ಬರೆದುಕೊಳ್ಳುತ್ತೇವೆ. ಚಿಲಿಕಾದಲ್ಲಿ ಮನುಷ್ಯರು ತೆರೆದ ಬಾಯಿಯ ನಂತರ 2008ರಲ್ಲಿ ಕಡಲು ತಾನೇ ಇನ್ನೊಂದು ಬಾಯಿ ತೆರೆಯಿತು. ಮರಳು ಸರಿಯುತ್ತಲೇ ಇರುವ ಇಂಥ ದಂಡೆಯಲ್ಲಿ ಬಾಯಿಯ ಅಗಲ, ಆಳ ಮತ್ತು ಒಳಗಿನ ಉಪ್ಪಿನ ಸಾಲನ್ನು ಪ್ರತಿ ಮಳೆಗಾಲದ ಮುಂಚೆಯೂ ನಂತರವೂ ಅಳೆದು, ಹಿಂದಿನ ವರ್ಷದ ಪುಟದ ಪಕ್ಕದಲ್ಲಿಯೇ ಬರೆದಿಡಬೇಕು.